ಶ್ರೀರಾಮಪ್ಪನ ಹೊಂಡದ ಸದ್ದು

"ನೀನೊಂದ್ಸಲ ಬಂದು ನೋಡ್ಬಿಡಣ್ಣಾ. ನೀನು ಏನೂ ಇಲ್ಲ ಅಂದ್ರೆ ಏನೂ ಇಲ್ಲ. ಊರೆಲ್ಲ ನಂಬ್ತದೆ," ಎಂದ ಗೋಪಿ.

ಜಗಲಿಯಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಸೊಣ್ಣಪ್ಪ ತಲೆ ಎತ್ತಲಿಲ್ಲ. ಅಂಗಳದಲ್ಲಿ ಗೋಪಿಯ ಹಿಂದೆ ಇನ್ನೂ ನಾಲ್ಕು ಜನ ನಿಂತಿದ್ದರು. ಬೀದಿ ದೀಪ ಉರಿಯುತ್ತಿದ್ದರೂ ಎಲ್ಲರೂ ಮೊಬೈಲಿನ ಬೆಳಕು ಹಾಕಿಕೊಂಡೇ ಬಂದಿದ್ದರು. ಗೋಪಿ ಟೆಂಪೊ ಓಡಿಸುವವನು. ವಾರಕ್ಕೆ ಮೂರು ರಾತ್ರಿ ಒಬ್ಬನೇ ಕೋಲಾರದ ಮಾರ್ಕೆಟ್ಟಿಗೆ ಟೊಮೇಟೊ ಲೋಡು ಹೊಡೆಯುವ ಗಟ್ಟಿಗ. ಅಂಥವನ ದನಿಯೇ ಈಗ ತಗ್ಗಿತ್ತು.

"ರಾತ್ರಿ ಮೋಟ್ರಿನ ಕರೆಂಟ್ ಬಂದ್ಮೇಲೆ ಹೊಂಡದ ಹತ್ರ ಶುರುವಾಗ್ತದೆ. ಪಟ್... ಪಟ್... ಅಂತ. ಆಮೇಲೆ ಸುಮ್ನಾಗ್ತದೆ. ಆಮೇಲೆ ಮತ್ತೆ. ಶ್ರೀರಾಮಪ್ಪನೇ ಅಣ್ಣಾ. ಹನ್ನೊಂದು ದಿನದ ಕಾರ್ಯ ಸರಿಯಾಗಿ ಆಗ್ಲಿಲ್ಲ ಅಂತ ಎಲ್ರೂ ಅಂತಾವ್ರೆ."

"ಆಯ್ತಲ್ಲೋ. ನೀನೇ ಎರಡು ಸಲ ಬಡಿಸ್ಕೊಂಡು ತಿಂದೆ."

ಹಿಂದೆ ನಿಂತವರಲ್ಲಿ ಒಬ್ಬ ನಕ್ಕು, ಕೂಡಲೇ ಬಾಯಿ ಮುಚ್ಚಿಕೊಂಡ.

"ತಮಾಷೆ ಅಲ್ಲ ಕಣಣ್ಣಾ. ಬೈರಮ್ಮಕ್ಕನ ತೋಟಕ್ಕೆ ಕೂಲಿಗೆ ಯಾರೂ ಹೋಗ್ತಿಲ್ಲ. ಹಣ್ಣೆಲ್ಲ ಗಿಡದಲ್ಲೇ ಕೊಳೀತಾವೆ. ಗಂಡ ಹೋದ್ಮೇಲೆ ಆಯಮ್ಮ ಒಬ್ಳೇ ಎಷ್ಟು ಅಂತ ಕೀಳ್ತಾಳೆ? ಆಂಧ್ರದ ಕಡೆಯಿಂದ ಮಂತ್ರ ಹಾಕೋನ್ನ ಕರೆಸೋಣ ಅಂತ ಮಾತಾಗ್ತಿದೆ. ಹೊಂಡ ಮುಚ್ಚಿಸೋಣ ಅಂತಾನೂ ಅಂತಾವ್ರೆ. ಹೊಂಡ ಮುಚ್ಚಿದ್ರೆ ಆಯಮ್ಮ ಏನು ಬೆಳೀತಾಳೆ?"

"ನಾಳೆ ಬರ್ತೀನಿ."

"ನಿನ್ನೆನೂ ನಾಳೆ ಅಂದೆ," ಎಂದ ಗೋಪಿ. ಆಮೇಲೆ ಅವನಿಗೇ ಅನುಮಾನ ಬಂದು ಕೇಳಿದ, "ಏನಣ್ಣಾ, ನಿಂಗೂ ಭಯಾನಾ?"

ಸೊಣ್ಣಪ್ಪ ಎಣ್ಣೆಯ ಬಟ್ಟಲಿಗೆ ಮುಚ್ಚಳ ಹಾಕಿದ. ಅವನಿಗೆ ಭಯವಿತ್ತು. ಐವತ್ತೆಂಟು ವರ್ಷಕ್ಕೆ ಮೊದಲ ಸಲ ಅವನಿಗೆ ಕತ್ತಲೆಯ ಭಯ ಹತ್ತಿಕೊಂಡಿತ್ತು.

ಆ ಊರಲ್ಲಿ ದೆವ್ವ ಕಂಡವರು ದೇವಸ್ಥಾನಕ್ಕೆ ಹೋಗುವ ಮೊದಲು ಸೊಣ್ಣಪ್ಪನ ಮನೆಗೆ ಬರುತ್ತಿದ್ದರು. ಯಲ್ದೂರಿನ ಸುತ್ತಲ ಮಾವಿನ ತೋಪುಗಳಲ್ಲಿ ಹನ್ನೆರಡು ವರ್ಷ ರಾತ್ರಿ ಕಾವಲು ಮಾಡಿದವನು ಅವನು. ಕತ್ತಲೆಯಲ್ಲಿ ಯಾವುದು ಹೇಗೆ ಕೂಗುತ್ತದೆ, ಯಾವುದು ಹೇಗೆ ಹೊಳೆಯುತ್ತದೆ ಎಂಬುದನ್ನು ಯಾರೂ ಅವನಿಗೆ ಪಾಠ ಹೇಳಿರಲಿಲ್ಲ. ಹೆದರಿಕೊಂಡೇ ಹತ್ತಿರ ಹೋಗಿ, ನೋಡಿ, ತನ್ನ ಪುಕ್ಕಲುತನಕ್ಕೆ ತಾನೇ ನಕ್ಕು ಕಲಿತದ್ದು. "ಬಾ, ತೋರಿಸ್ತೀನಿ" ಎಂಬುದು ಅವನ ಮಾತು. ಹೆದರಿದವರನ್ನೇ ಕೈಹಿಡಿದು ಕರೆದುಕೊಂಡು ಹೋಗಿ, ದೆವ್ವದ ಮುಖಕ್ಕೇ ಟಾರ್ಚು ಬಿಟ್ಟು, "ಚೂಡು, ಏಮೀ ಲೇದು" ಎಂದು ಮುಗಿಸುತ್ತಿದ್ದ. ನೋಡು, ಏನೂ ಇಲ್ಲ ಎಂಬುದನ್ನು ಕನ್ನಡಕ್ಕಿಂತ ತೆಲುಗಿನಲ್ಲಿ ಹೇಳಿದರೆ ಜನಕ್ಕೆ ಬೇಗ ಧೈರ್ಯ ಬರುತ್ತದೆ ಎಂದು ಅವನ ಲೆಕ್ಕಾಚಾರ.

ಇದೇ ಗೋಪಿ ಎರಡು ವರ್ಷದ ಕೆಳಗೆ, ಸತ್ತ ಅತ್ತೆ ಟೊಮೇಟೊ ತೋಟದಲ್ಲಿ ಓಡಾಡುವುದನ್ನು ಕಂಡು ಮೂರು ದಿನ ಜ್ವರ ಹಿಡಿದು ಮಲಗಿದ್ದ. ಕೆಂಪಂಚಿನ ಅದೇ ಹಸಿರು ಸೀರೆ, ಅದೇ ಬಳುಕು ನಡಿಗೆ. ಸೊಣ್ಣಪ್ಪ ಅವನನ್ನು ಜ್ವರದಲ್ಲೇ ಎಬ್ಬಿಸಿಕೊಂಡು ಹೋದ. ಕಾಡುಹಂದಿ ನುಗ್ಗದಿರಲಿ ಎಂದು ತೋಟದ ಸುತ್ತ ಹಳೆಯ ಸೀರೆಗಳನ್ನು ಕಟ್ಟುವುದು ಅಲ್ಲಿ ಎಲ್ಲರೂ ಮಾಡುವುದೇ. ಗೋಪಿಯ ಹೆಂಡತಿ ತಾಯಿಯ ಸೀರೆಯನ್ನು ಯಾರಿಗೂ ಕೊಡಲು ಮನಸ್ಸಾಗದೆ, ಗಂಡನಿಗೂ ಹೇಳದೆ, ಅದನ್ನೇ ಬೇಲಿಗೆ ಕಟ್ಟಿದ್ದಳು. ಇನ್ನೊಂದು ಸಲ ಹುಣಸೆ ಮರದಲ್ಲಿ ಎಳೆಗೂಸು ಅಳುತ್ತಿದೆ ಎಂದು ಊರು ಬಾಗಿಲು ಹಾಕಿಕೊಂಡಾಗ ಪೊಟರೆಯೊಳಗಿನ ಮೂರು ಗೂಬೆ ಮರಿಗಳನ್ನು ತೋರಿಸಿದ್ದ. ನೀಲಿ ಕೊಳ್ಳಿದೆವ್ವ ಎಂದು ಹೆಂಗಸರು ಕೈ ಮುಗಿದದ್ದು ಹುಳ ಹಿಡಿಯಲು ಯಾರೋ ತೋಟದಲ್ಲಿ ನೆಟ್ಟಿದ್ದ ಸೋಲಾರ್ ದೀಪ.

ಬರಬರುತ್ತಾ ಸೊಣ್ಣಪ್ಪನಿಗೆ ಒಂದು ಹಮ್ಮು ಬಂತು. ಎದ್ದು ಹೋಗಿ ನೋಡುವ ಅಗತ್ಯವೇ ಇಲ್ಲ, ಕಿವಿ ಸಾಕು ಎಂಬ ಹಮ್ಮು. ಮಂಚದ ಮೇಲೆ ಮಲಗಿದ್ದುಕೊಂಡೇ "ಅದು ಮುಳ್ಳುಹಂದಿ", "ಅದು ಮುನಿಕೃಷ್ಣನ ಬೋರಿನ ಪೈಪು" ಎಂದು ಹೇಳಿ ಮಗ್ಗುಲು ಬದಲಿಸುವನು. ಬೆಳಗ್ಗೆ ಹೋಗಿ ನೋಡಿದರೆ ಅದೇ ಆಗಿರುತ್ತಿತ್ತು. ಜನ ಹೊಗಳಿದರು, ಅವನೂ ಹೊಗಳಿಸಿಕೊಂಡ. ಮಂಡಿನೋವು ಶುರುವಾದ ಮೇಲಂತೂ "ಬಾ, ತೋರಿಸ್ತೀನಿ" ಎಂಬ ಮಾತು ಅವನ ಬಾಯಲ್ಲಿ ಅಪರೂಪವಾಗಿತ್ತು.

ಶ್ರೀರಾಮಪ್ಪ ಸತ್ತ ರಾತ್ರಿಯೂ ಅವನು ಆ ಮಾತು ಹೇಳಿರಲಿಲ್ಲ.

ಅದಕ್ಕೆ ಈಗ ಒಂದು ತಿಂಗಳಾಗುತ್ತ ಬಂದಿತ್ತು. ಅವತ್ತು ಹನ್ನೊಂದೂವರೆಯ ಹೊತ್ತಿಗೆ ಪಕ್ಕದ ಮನೆಯ ಬೈರಮ್ಮ ಬಂದು ಬಾಗಿಲು ತಟ್ಟಿದ್ದಳು. ಅವಳ ಗಂಡ ಶ್ರೀರಾಮಪ್ಪ ಸಾಯಂಕಾಲವೇ ಗೋಪಿಯ ಟೆಂಪೊದಲ್ಲಿ ಟೊಮೇಟೊ ಹೇರಿಕೊಂಡು ಕೋಲಾರಕ್ಕೆ ಹೋಗಿದ್ದ, ಬರುವುದು ಬೆಳಗ್ಗೆ ಎಂದಿದ್ದ. ಮಗಳು ಮೇಘನ ಮಾಲೂರಿನಲ್ಲಿ ಗಂಡನ ಮನೆಯಲ್ಲಿದ್ದಳು. ಮನೆಯಲ್ಲಿ ಬೈರಮ್ಮ ಒಬ್ಬಳೇ.

"ಅಣ್ಣಾ, ಹೊಂಡದ ಕಡೆ ಏನೋ ಬಡೀತದೆ. ನರಳ್ದಂಗೂ ಕೇಳ್ತು. ನಂಗ್ಯಾಕೋ ಎದೆ ಹೊಡ್ಕೊಂತದೆ, ಒಂದು ಗಳಿಗೆ ಬಾ," ಎಂದಳು.

ಸೊಣ್ಣಪ್ಪ ಗೊಣಗಿಕೊಂಡೇ ಎದ್ದು, ಎರಡು ಮನೆಗಳ ಹಿಂದಿನ ಹೊಂಗೆ ಮರದ ತನಕ ಹೋಗಿದ್ದ. ಅಲ್ಲಿಂದ ಶ್ರೀರಾಮಪ್ಪನ ಕೃಷಿಹೊಂಡಕ್ಕೆ ಇನ್ನೂರು ಹೆಜ್ಜೆ. ಮನೆಯೊಂದು ಹಿಡಿಸುವಷ್ಟು ದೊಡ್ಡ ಗುಂಡಿ ತೋಡಿ, ತಳಕ್ಕೂ ನಾಲ್ಕು ಗೋಡೆಗೂ ಕಪ್ಪು ಪ್ಲಾಸ್ಟಿಕ್ ಷೀಟು ಹಾಸಿ, ಮೇಲೆ ಷೀಟಿನ ಅಂಚನ್ನು ಮಣ್ಣಿನಲ್ಲಿ ಹೂತು, ಬೋರಿನಲ್ಲಿ ಬಂದಷ್ಟು ನೀರನ್ನು ಕೂಡಿಡುವ ಹೊಂಡ. ಆ ಸುತ್ತಿನಲ್ಲಿ ತೋಟಕ್ಕೊಂದು ಇದೆ. ಇಬ್ಬರೂ ಮರದ ಕೆಳಗೆ ನಿಂತು ಕಿವಿಗೊಟ್ಟರು. ಪಟ್. ಸ್ವಲ್ಪ ಬಿಟ್ಟು ಮತ್ತೆ, ಪಟ್, ಪಟ್. ಆಮೇಲೆ ಉದ್ದಕ್ಕೆ ಒಂದು ನರಳಿಕೆ.

"ಷೀಟಮ್ಮಾ," ಎಂದ ಸೊಣ್ಣಪ್ಪ. "ಪೂರ್ವದ ಕಡೆ ಅಂಚು ಎದ್ದಿದೆ. ಮಣ್ಣು ಹಾಕಿ ಹೂತುಬಿಡೋ ಅಂತ ಹೋದ ತಿಂಗಳೇ ನಿನ್ ಗಂಡಂಗೆ ಹೇಳಿದ್ದೆ. ಗಾಳಿಗೆ ಬಡ್ಕೊಂತದೆ."

"ಮತ್ತೆ ನರಳೋದು?"

"ಮೋಟ್ರು ಆಟೋದಲ್ಲಿ ಹಾಕಿ ಹೋಗಿದ್ದಾನೆ ತಾನೇ? ಕರೆಂಟ್ ಬಂತು, ತಾನೇ ಸ್ಟಾರ್ಟ್ ಆಯ್ತು. ಬೋರಲ್ಲಿ ನೀರಿಲ್ಲ, ಪೈಪು ಗಾಳಿ ಬಿಡ್ತಾ ಇದೆ. ಏಮೀ ಲೇದು. ಹೋಗಿ ಮಲಿಕ್ಕೋ ಹೋಗು."

ಬೈರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಿದ್ದಳು. "ನಿನ್ ಬಾಯಲ್ಲಿ ಕೇಳಿದ್ರೇನೇ ಸಮಾಧಾನ ಅಣ್ಣಾ. ಇನ್ನು ನಿದ್ದೆ ಬರ್ತದೆ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಸೊಣ್ಣಪ್ಪನಿಗೂ ಒಳ್ಳೆಯ ನಿದ್ದೆ ಬಂದಿತ್ತು.

ಮಾರ್ಕೆಟ್ಟಿನಲ್ಲಿ ಗಾಡಿ ಬೇಗ ಖಾಲಿಯಾಗಿತ್ತು. ಹನ್ನೊಂದಕ್ಕೇ ಗೋಪಿ ಶ್ರೀರಾಮಪ್ಪನನ್ನು ತೋಟದ ದಾರಿಯಲ್ಲಿ ಇಳಿಸಿದ್ದ. "ಕರೆಂಟ್ ಬಂದಂಗಿದೆ, ನೀರು ಹೊಂಡಕ್ಕೆ ಬೀಳ್ತಿದ್ಯಾ ನೋಡ್ಕೊಂಡು ಮನೆಗೆ ಹೋಗ್ತೀನಿ" ಎಂದು ಅವನು ಇಳಿದು ಹೋಗಿದ್ದನಂತೆ. ಪೈಪು ಜಾರಿ ಹೊರಕ್ಕೆ ನೀರು ಸುರಿಯುತ್ತಿತ್ತು. ಅದನ್ನು ಎತ್ತಿಡಲು ಹೋಗಿ ಅವನು ಜಾರಿದ. ಷೀಟು ಹಾಸಿದ ಹೊಂಡಕ್ಕೆ ಬಿದ್ದರೆ ಈಜು ಬಂದರೂ ಮೇಲೆ ಹತ್ತಲಾಗುವುದಿಲ್ಲ, ಪಾಚಿಗೆ ಕೈಯೂ ನಿಲ್ಲುವುದಿಲ್ಲ, ಕಾಲೂ ನಿಲ್ಲುವುದಿಲ್ಲ. ಅದಕ್ಕೇ ಎಲ್ಲರೂ ದಂಡೆಯ ಕಲ್ಲಿಗೆ ಒಂದು ಹಗ್ಗ ಕಟ್ಟಿ ಒಳಕ್ಕೆ ಇಳಿಬಿಟ್ಟಿರುತ್ತಾರೆ. ಶ್ರೀರಾಮಪ್ಪ ಅವತ್ತು ಮಧ್ಯಾಹ್ನ ಅದೇ ಹಗ್ಗವನ್ನು ಬಿಚ್ಚಿಕೊಂಡು ಹೋಗಿ ಟೆಂಪೊದಲ್ಲಿ ಟೊಮೇಟೊ ಕ್ರೇಟುಗಳಿಗೆ ಬಿಗಿದಿದ್ದ. ಬೆಳಗ್ಗೆ ಅವನನ್ನು ಮೇಲೆತ್ತಲು ಗೋಪಿ ಟೆಂಪೊದಿಂದ ಹಗ್ಗ ತಂದಾಗಲೇ ಅದು ಯಾವ ಹಗ್ಗವೆಂದು ಎಲ್ಲರಿಗೂ ಗೊತ್ತಾದದ್ದು.

ಉಳಿದವರಿಗೆ ಗೊತ್ತಾಗದ ಎರಡು ಸಂಗತಿಗಳು ಸೊಣ್ಣಪ್ಪನಿಗೆ ಗೊತ್ತಾದವು. ಬೆಳಗ್ಗೆ ದಂಡೆಗೆ ಮೊದಲು ಬಂದವನು ಅವನೇ. ಪೂರ್ವದ ಅಂಚು ಎದ್ದಿರಲಿಲ್ಲ. ಹೊಸ ಮಣ್ಣು ಹಾಕಿ, ಗುದ್ದಲಿಯ ಬೆನ್ನಿನಿಂದ ತಟ್ಟಿ ತಟ್ಟಿ ಕೂರಿಸಿದ ಗುರುತು ಇನ್ನೂ ಹಾಗೇ ಇತ್ತು. ಹೇಳಿದ ಮಾತನ್ನು ಶ್ರೀರಾಮಪ್ಪ ಕೇಳಿದ್ದ. ಸುತ್ತಲೂ ನಾಲ್ಕು ಕಡೆ ಬೆರಳು ತೂರಿಸುವಷ್ಟೂ ಷೀಟು ಸಡಿಲವಿರಲಿಲ್ಲ. ರಾತ್ರಿ ಗಾಳಿಯೂ ಇರಲಿಲ್ಲ ಎಂಬುದು ಅವನಿಗೆ ಅಲ್ಲಿ ನಿಂತಾಗ ನೆನಪಾಯಿತು, ಹೊಂಗೆಯ ಒಂದು ಎಲೆಯೂ ಅಲುಗಿರಲಿಲ್ಲ. ಎರಡನೆಯದು, ಪೈಪಿನ ಪಕ್ಕದ ಗೋಡೆ. ನೀರಿನಿಂದ ಒಂದೂವರೆ ಮೊಳ ಮೇಲಿನವರೆಗೆ ಷೀಟಿನ ಮೇಲಿದ್ದ ಹಸಿರು ಪಾಚಿ ಉದ್ದುದ್ದಕ್ಕೆ ಕಿತ್ತು ಬಂದಿತ್ತು. ಒಂದು ಕಡೆ ಅಲ್ಲ, ಹತ್ತಾರು ಕಡೆ, ಬೆರಳು ಬೆರಳಾಗಿ.

ಗೋಪಿ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಬಂದು "ಎಲ್ಲಿಂದ ಇಳೀಲಿ ಅಣ್ಣಾ?" ಎಂದು ಕೇಳಿದಾಗ ಸೊಣ್ಣಪ್ಪ ಆ ಜಾಗವನ್ನೇ ತೋರಿಸಿದ. ಗೋಪಿಯ ಕಾಲು ಹತ್ತಿಳಿದು, ಹೆಣದ ಬಟ್ಟೆ ಉಜ್ಜಿ, ಗುರುತೆಲ್ಲ ಅಳಿಸಿಹೋಯಿತು. ಆಮೇಲೆ ಬೈರಮ್ಮನ ಮುಂದೆ ಎಲ್ಲರಿಗಿಂತ ಮೊದಲು ಮಾತಾಡಿದವನೂ ಅವನೇ. "ಬಿದ್ದ ತಕ್ಷಣ ಹೋಗ್ಬಿಟ್ಟಿದ್ದಾನಮ್ಮಾ. ಒಂದೇ ಗಳಿಗೆ. ಒದ್ದಾಡಿಲ್ಲ." ಎಲ್ಲರೂ ಹೌದು ಹೌದು ಎಂದರು. ಬೈರಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

ಹೀಗಾಗಿ, ಹನ್ನೊಂದು ದಿನದ ಕಾರ್ಯ ಮುಗಿದು ಮೇಘನ ಮಾಲೂರಿಗೆ ಹೊರಟುಹೋದ ಮೇಲೆ, ರಾತ್ರಿ ಹೊಂಡದ ಕಡೆಯಿಂದ ಮತ್ತೆ ಪಟ್ ಪಟ್ ಕೇಳತೊಡಗಿದಾಗ, ಆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದವನು ಸೊಣ್ಣಪ್ಪ. ಬೇರೆಯವರಿಗಾದರೂ ಒಂದು ಆಸೆ ಇತ್ತು, ಸೊಣ್ಣಪ್ಪ ಬಂದು ಷೀಟು ಎಂದುಬಿಡುತ್ತಾನೆ ಎಂದು. ಅಲ್ಲಿ ಸಡಿಲವಾದ ಷೀಟು ಇಲ್ಲ ಎಂದು ಗೊತ್ತಿದ್ದವನಿಗೆ ಯಾವ ಆಸೆಯೂ ಇರಲಿಲ್ಲ. ಎರಡು ವಾರದಿಂದ ಅವನು ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಆ ಸದ್ದು ಕೇಳುತ್ತಿದ್ದ. ಕಿವಿಗೆ ಹತ್ತಿ ಇಟ್ಟುಕೊಂಡೂ ನೋಡಿದ್ದ.

ಗೋಪಿ ಮತ್ತು ಜೊತೆಯವರು ಹೋದ ಮೇಲೆ ಹೆಂಡತಿ ಆಂಜಿನಮ್ಮ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತಳು.

"ಹೋಗಿ ಬಾ," ಎಂದಳು.

"ಮಂಡಿ ನೋವು."

"ಮಂಡಿ ನೋವಿಗೆ ರಾತ್ರಿಯೆಲ್ಲ ಎದ್ದು ಕೂತ್ಕೊಂತಾರಾ? ನಾನೇನು ಕುರುಡೀನಾ?" ಅವಳು ಬೈರಮ್ಮನ ಮನೆಯ ಕಡೆ ನೋಡಿದಳು. "ಅವಳು ಎರಡು ತುತ್ತು ಉಣ್ತಾ ಇಲ್ಲ. ಮೊನ್ನೆ ಸಾರು ಕೊಡೋಕೆ ಹೋದ್ರೆ, ಅಕ್ಕಾ, ಅಣ್ಣಂದು ಕಿವಿ ಈಗ್ಲೂ ಚೆನ್ನಾಗಿದೆಯಾ ಅಂತ ಕೇಳಿದ್ಲು. ಏನು ಮಾತದು? ನಿನ್ ಗಂಡ ಪಿಶಾಚಿ ಆಗವ್ನೆ ಅಂತ ಊರೆಲ್ಲ ಅವಳ ಮುಂದೇನೇ ಅಂತಾವ್ರೆ. ನೀನು ಹೋಗಿ ಏನೂ ಇಲ್ಲ ಅಂತ ಒಂದು ಮಾತು ಹೇಳ್ಬಿಟ್ರೆ ಬದುಕ್ಕೊಂತಾಳೆ."

ಅವಳು ಗೂಟಕ್ಕೆ ನೇತುಹಾಕಿದ್ದ ಟಾರ್ಚನ್ನು ತಂದು ಅವನ ಪಕ್ಕ ಇಟ್ಟು ಒಳಗೆ ಹೋದಳು.

ಆ ವಾರ ಬೋರು ಓಡಿಸುವ ಮೂರು ಫೇಸಿನ ಕರೆಂಟು ಹತ್ತೂವರೆಗೆ ಬರುತ್ತಿತ್ತು. ಹತ್ತೂವರೆಗೆ ಸುತ್ತಮುತ್ತಲ ಬೋರುಗಳು ಒಂದೊಂದಾಗಿ ಗುಂಯ್ ಎಂದವು. ಸೊಣ್ಣಪ್ಪ ಎದ್ದ. ಹೊಂಗೆ ಮರ ದಾಟುವಾಗ ಅವನ ಕಾಲು ತಾನಾಗಿ ನಿಂತಿತು, ಅವನು ಅದನ್ನು ಎಳೆದುಕೊಂಡು ಮುಂದೆ ಹೋದ. ಅಮಾವಾಸ್ಯೆಗೆ ಎರಡು ದಿನವಿತ್ತು. ಬೇಲಿಯ ಸೀರೆಗಳು ಕತ್ತಲೆಯಲ್ಲಿ ಬೆಳ್ಳಗೆ ನಿಂತಿದ್ದವು. "ಸೀರೆ," ಎಂದು ಗಟ್ಟಿಯಾಗಿ ಹೇಳಿಕೊಂಡ. ದೂರದಲ್ಲಿ ನೀಲಿ ಬೆಳಕು. "ಹುಳದ ದೀಪ." ಕಾಲಿನ ಹತ್ತಿರ ಏನೋ ಸರಕ್ಕನೆ ಹರಿಯಿತು. "ಇಲಿ." ಹೀಗೆ ಒಂದೊಂದಕ್ಕೂ ಹೆಸರು ಹೇಳುತ್ತ ನಡೆದ. ಕೊಳೆತ ಟೊಮೇಟೊ ಹಣ್ಣಿನ ಹುಳಿ ವಾಸನೆ ಮೂಗಿಗೆ ಅಡರಿತು.

ಪಟ್.

ಅವನ ಬಾಯಿಂದ ಹೆಸರು ಬರಲಿಲ್ಲ. ಟಾರ್ಚು ಆರಿಸಿದ. ಯಾಕೆ ಆರಿಸಿದೆನೆಂದು ಅವನಿಗೇ ತಿಳಿಯಲಿಲ್ಲ. ಪಟ್, ಪಟ್. ಸದ್ದು ಹೊಂಡದ ಒಳಗಿಂದಲ್ಲ, ದಂಡೆಯಿಂದ ಬರುತ್ತಿತ್ತು. ಪೈಪಿನ ಪಕ್ಕದಲ್ಲಿ, ಅವನು ಗೋಪಿಯನ್ನು ಇಳಿಸಿದ ಜಾಗದಲ್ಲೇ, ಏನೋ ಕುಕ್ಕರಗಾಲಲ್ಲಿ ಕೂತಿತ್ತು. ಅದರ ಒಂದು ಕೈ ಮೇಲೆ ಏಳುತ್ತಿತ್ತು, ಕೆಳಗೆ ಬೀಳುತ್ತಿತ್ತು. "ಶ್ರೀರಾಮಪ್ಪಾ," ಎಂದುಬಿಟ್ಟ ಸೊಣ್ಣಪ್ಪ, "ತಪ್ಪಾಯ್ತು ಕಣೋ."

ಕೈ ನಿಂತಿತು.

"ಯಾರು? ಸೊಣ್ಣಪ್ಪಣ್ಣಾನಾ?" ಎಂದಿತು ಬೈರಮ್ಮನ ದನಿ.

ಅವನು ಟವೆಲಿನಿಂದ ಮುಖ ಒರೆಸಿಕೊಂಡು ಹತ್ತಿರ ಹೋದ. ಇಷ್ಟೇನಾ ಎಂದು ಒಂದು ಕ್ಷಣ ಹಗುರವಾಯಿತು, ಮರುಕ್ಷಣವೇ ಅವನಿಗೆ ಅನಿಸಿತು, ಇದಕ್ಕಿಂತ ದೆವ್ವವೇ ಆಗಿದ್ದರೆ ಚೆನ್ನಾಗಿತ್ತು.

"ಇಲ್ಲೇನಮ್ಮಾ ಮಾಡ್ತಿದ್ದೀಯಾ, ಈ ಹೊತ್ತಲ್ಲಿ?"

"ಮೋಟ್ರು ನೋಡ್ಬೇಕಲ್ಲಾ. ಯಾರವ್ರೆ ನಂಗೆ?" ಎಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ, ಕೆಲಸದ ಮಧ್ಯೆ ಮಾತಾಡುವವಳ ದನಿ. ಅವಳ ತೊಡೆಯ ಮೇಲೆ ಹಳೆಯ ಷೀಟಿನ ಒಂದು ತುಂಡು ಇತ್ತು, ಹೊಂಡ ಕಟ್ಟಿದಾಗ ಮಿಕ್ಕದ್ದು. "ಒಳ್ಳೇದಾಯ್ತು ಬಂದಿದ್ದು. ದಿನಾ ನೋಡ್ತಾ ಇದ್ದೀನಿ, ಒಬ್ಬಳ ಕೈಲಿ ಆಗ್ತಿಲ್ಲ."

"ಏನಾಗ್ತಿಲ್ಲ?"

"ಇಲ್ಲಿ ಬಡಿಯೋಳೂ ನಾನೇ, ಅಲ್ಲಿ ಹೊಂಗೆ ಮರದ ಕೆಳಗೆ ನಿಂತು ಕೇಳೋಳೂ ನಾನೇ ಆಗ್ಬೇಕು. ಓಡಿ ಹೋಗೋವಷ್ಟ್ರಲ್ಲಿ ಸದ್ದು ಹೋಗಿರ್ತದೆ. ಫೋನಲ್ಲಿ ರೆಕಾರ್ಡ್ ಮಾಡ್ದೆ, ಅದ್ರಲ್ಲಿ ಎಲ್ಲಾ ಒಂದೇ ತರ ಕೇಳ್ತದೆ." ಅವಳು ಎದ್ದು ನಿಂತಳು. "ಅವತ್ತು ಕೇಳಿದ್ವಲ್ಲಾ ಅಣ್ಣಾ, ನಾನೂ ನೀನೂ. ಅದು ಷೀಟಿಂದಾ, ಕೈದಾ ಅಂತ ಗೊತ್ತಾಗ್ಬೇಕು ನಂಗೆ. ನಿನ್ ಕಿವಿ ಒಳ್ಳೇ ಕಿವಿ. ಅಲ್ಲಿ ಹೋಗಿ ನಿಂತ್ಕೋ. ಮೊದ್ಲು ಈ ಷೀಟು ಒದರ್ತೀನಿ. ಆಮೇಲೆ ಹೊಂಡದ ಗೋಡೆಗೆ ಕೈಯಲ್ಲಿ ಹೊಡೀತೀನಿ. ಕೇಳಿಬಿಟ್ಟು ಬಂದು ಹೇಳು."

"ಬೈರಮ್ಮಾ, ಮನೆಗೆ ನಡಿಯಮ್ಮಾ. ಇದೆಲ್ಲ ಯಾಕೆ ಈಗ?"

"ಷೀಟಾಗಿದ್ರೆ, ನೀನು ಹೇಳ್ದಂಗೆ ಒಂದೇ ಗಳಿಗೇಲಿ ಹೋಗವ್ನೆ. ನಾನು ಮಲಗೋಕೆ ಮುಂಚೇನೇ ಹೋಗವ್ನೆ. ಕೈಯಾಗಿದ್ರೆ..." ಅವಳು ನಿಲ್ಲಿಸಿದಳು. "ಹೋಗಣ್ಣಾ."

ಅವನು ಹೋದ. ಇನ್ನೂರು ಹೆಜ್ಜೆ. ಹೊಂಗೆ ಮರದ ಕೆಳಗೆ, ಅವತ್ತು ನಿಂತಲ್ಲೇ ನಿಂತು, ಕಾಂಡವನ್ನು ಹಿಡಿದುಕೊಂಡ. ಕತ್ತಲೆಯಲ್ಲಿ ಮೊದಲು ಷೀಟಿನ ಸದ್ದು ಬಂತು, ಒಣಗಿದ ತೆಳ್ಳನೆಯ ಫಟಫಟ, ಒಗೆದ ಬಟ್ಟೆ ಕೊಡವಿದ ಹಾಗೆ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ಪಟ್. ದಪ್ಪನೆಯ, ಒದ್ದೆಯಾದ ಸದ್ದು. ಪಟ್, ಪಟ್. ಅವಳು ಕೈಯನ್ನು ಪೈಪಿನ ನೀರಿನಲ್ಲಿ ಒದ್ದೆ ಮಾಡಿಕೊಂಡು ಹೊಡೆಯುತ್ತಿದ್ದಳು.

ಹನ್ನೆರಡು ವರ್ಷ ಕಾವಲು ಕಾದ ಕಿವಿ ಅದು. ಬೇಡವೆಂದರೂ ಅವತ್ತಿನ ಸದ್ದನ್ನು ಗುರುತು ಹಿಡಿಯಿತು. ಅವತ್ತೂ ಅದಕ್ಕೆ ಗೊತ್ತಾಗಬಹುದಿತ್ತು. ಅವತ್ತು ಅವನು ಕಿವಿಗೊಡುವ ಮೊದಲೇ ಉತ್ತರ ಇಟ್ಟುಕೊಂಡಿದ್ದ. ಇನ್ನೂರು ಹೆಜ್ಜೆ ನಡೆದಿದ್ದರೆ, ಹೆಗಲ ಮೇಲಿನ ಟವೆಲನ್ನು ಇಳಿಬಿಟ್ಟಿದ್ದರೂ ಸಾಕಿತ್ತು. ಸೊಣ್ಣಪ್ಪ ಮರಕ್ಕೆ ಹಣೆ ಒತ್ತಿಕೊಂಡು ಸದ್ದಿಲ್ಲದೆ ಅತ್ತ. ಅತ್ತು, ಮೂಗು ಒರೆಸಿಕೊಂಡು, ಹೇಳಬೇಕಾದ ಸುಳ್ಳನ್ನು ಎರಡು ಸಲ ಬಾಯಲ್ಲೇ ಹೇಳಿ ನೋಡಿಕೊಂಡು ವಾಪಸು ನಡೆದ. ಈ ಒಂದು ಸುಳ್ಳಾದರೂ ಅವಳಿಗೆ ನಿದ್ದೆ ಕೊಡಲಿ ಎಂದುಕೊಂಡ.

ಬೈರಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಕಾಯುತ್ತಿದ್ದಳು.

"ಷೀಟೇ ಕಣಮ್ಮಾ," ಎಂದ.

"ಮೊದಲನೇದಾ?"

"ಮೊದಲನೇದೇ. ಅವತ್ತು ಕೇಳಿದ್ದು ಅದೇ. ನಂಗೆ ಚೆನ್ನಾಗಿ ನೆನಪಿದೆ. ಏಮೀ ಲೇದು."

ಅವಳು ತಲೆಯಾಡಿಸಿದಳು. ಎಷ್ಟೋ ಹೊತ್ತು ತಲೆಯಾಡಿಸುತ್ತಲೇ ಇದ್ದಳು. ಬೋರಿನ ಪೈಪು ಒಮ್ಮೆ ಗಾಳಿ ಬಿಟ್ಟಿತು, ಗೊರಗೊರ ಎಂದು, ಮನುಷ್ಯರ ನರಳಿಕೆಯ ಹಾಗೆ ಒಂದಿಷ್ಟೂ ಇರಲಿಲ್ಲ. ಇಬ್ಬರೂ ಅದನ್ನು ಕೇಳಿಸಿಕೊಂಡರು.

"ಎಲ್ಲಿ ಎದ್ದಿತ್ತು ಅಂದೆ ಅಂಚು?"

"ಪೂರ್ವದ ಕಡೆ."

"ತೋರ್ಸು," ಎಂದಳು ಬೈರಮ್ಮ.

"ಈಗ ಕತ್ತಲೇಲಿ ಏನು ಕಾಣ್ತದಮ್ಮಾ..."

"ಎಲ್ರಿಗೂ ಕತ್ತಲೇಲೇ ತಾನೇ ತೋರ್ಸಿದ್ದು ನೀನು? ಗೋಪೀಗೆ ಅವರತ್ತೆ ಸೀರೆ ತೋರ್ಸ್ದೆ. ಗೂಬೆ ಮರಿ ತೋರ್ಸ್ದೆ. ಅವತ್ತು ನಾನು ಕೇಳ್ಲಿಲ್ಲ ಅಣ್ಣಾ, ಬಾ ನೋಡ್ಕೊಂಡು ಬರೋಣ ಅಂತ. ನಿದ್ದೆ ಬರ್ತಿತ್ತು ನಂಗೆ. ಈಗ ಕೇಳ್ತಿದ್ದೀನಿ. ತೋರ್ಸು."

ಸೊಣ್ಣಪ್ಪ ಟಾರ್ಚು ಹಾಕಿದ. ಪೂರ್ವದ ಅಂಚಿಗೆ ನಡೆದ, ಬೈರಮ್ಮ ಹಿಂದೆಯೇ ಬಂದಳು. ಹೂತ ಮಣ್ಣಿನ ಮೇಲೆ ಆಗಲೇ ಗರಿಕೆ ಚಿಗುರಿತ್ತು. ಬೆಳಕನ್ನು ಅವನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಒಯ್ದ, ಬಗ್ಗಿ ಕೈಯಿಂದ ಮುಟ್ಟಿಯೂ ನೋಡಿದ. ಮಣ್ಣು ಗಟ್ಟಿಯಾಗಿತ್ತು. "ಈ ಕಡೆ ಇರಬೇಕು," ಎಂದು ತಿರುಗಿ ದಕ್ಷಿಣದ ಅಂಚಿಗೆ ಹೋದ. ಅಲ್ಲೂ ಇರಲಿಲ್ಲ. ಪಶ್ಚಿಮಕ್ಕೆ ಹೋದ. ಉತ್ತರಕ್ಕೆ ಹೋದ. ಪೈಪಿನ ಹತ್ತಿರ ಬಂದಾಗಲೂ ಬೈರಮ್ಮ ನಿಲ್ಲಲಿಲ್ಲ. ಅವನು ನಿಂತರೆ ಅವಳ ಮುಖ ನೋಡಬೇಕಾಗುತ್ತಿತ್ತು. ಅದಕ್ಕೆ ಅವನು ಮತ್ತೆ ಪೂರ್ವದಿಂದ ಶುರುಮಾಡಿದ.

ಹೊಂಗೆ ಮರದ ಹತ್ತಿರ ಮೊಬೈಲಿನ ಬೆಳಕುಗಳು ಬಂದು ನಿಂತವು. "ಸೊಣ್ಣಪ್ಪಣ್ಣಾ," ಎಂದು ಗೋಪಿ ಅಲ್ಲಿಂದಲೇ ಕೂಗಿದ. "ಹೊಂಡದ ಹತ್ರ ಇರೋದು ನೀನೇನಾ?"

ಸೊಣ್ಣಪ್ಪ ಬೆಳಕನ್ನು ಅಂಚಿನಿಂದ ಎತ್ತದೆ ಮುಂದಿನ ಹೆಜ್ಜೆಯಿಟ್ಟ. ಗೋಪಿ ಇನ್ನೊಂದು ಸಲ ಕೂಗಿದ. ಉತ್ತರವಿಲ್ಲದೆ ಒಂದು ಬೆಳಕು ಹೊಂಡದ ಸುತ್ತ ಸುತ್ತುತ್ತಲೇ ಇದ್ದುದನ್ನು ನೋಡಿ ಅವನೂ ಜೊತೆಯವರೂ ಹಿಂದಕ್ಕೆ ಓಡಿದರು. ಸ್ವಲ್ಪ ಹೊತ್ತಿಗೆ ಊರಿನ ಕಡೆಯಿಂದ ಒಂದೊಂದೇ ಬಾಗಿಲಿನ ಅಗುಳಿ ಬೀಳುವುದು ಕೇಳಿಸಿತು.

ಟಾರ್ಚಿನ ಬೆಳಕು ಹಳದಿಯಾಗುತ್ತ ಬಂದಿತ್ತು. ಸೊಣ್ಣಪ್ಪ ಮೂಲೆ ತಿರುಗಿದ.

"ಇಲ್ಲಿ ಇನ್ನೊಂದ್ಸಲ ನೋಡಣ್ಣಾ," ಎಂದಳು ಬೈರಮ್ಮ ಹಿಂದಿನಿಂದ.

ಅವನು ಬಗ್ಗಿ, ಬೆಳಕನ್ನು ಅಂಚಿಗೆ ಹತ್ತಿರ ಹಿಡಿದ.